ಮೊದಲ ರೊಟ್ಟಿಯ ಹತ್ತನೇ ತುಂಡು

ಇಂಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಸೋಮನಿಂಗನ ಖಡಕ್ ರೊಟ್ಟಿ ಕೇಂದ್ರದಲ್ಲಿ ದಿನ ಶುರುವಾಗುವುದು ಒಂದು ರೊಟ್ಟಿ ಮುರಿಯುವುದರಿಂದ. ಬೆಳಗಿನ ಮೊದಲ ರೊಟ್ಟಿ ಮಾರಾಟಕ್ಕಲ್ಲ. ಅದನ್ನು ಸೋಮನಿಂಗನ ಅಕ್ಕ ಹುಚ್ಚವ್ವ ತಾನೇ ಬಡಿದು ಬೇಯಿಸಿ, ಬಿಸಿ ಇರುವಾಗಲೇ ತುಂಡು ಮಾಡಿ, ಒಂದೊಂದರ ಮೇಲೂ ಚಿಟಿಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ ದುಡಿಯುವವರಿಗೆಲ್ಲ ಕೊಡುತ್ತಾಳೆ. ಅದನ್ನು ತಿಂದೇ ಒಲೆಯ ಮುಂದೆ ಕೂರಬೇಕು. ಹಿಟ್ಟಿನ ಹದ ನಾಲಿಗೆಗೆ ಗೊತ್ತಾಗಲಿ ಎಂದು ಶುರುವಾದ ಪದ್ಧತಿ ಹದಿನಾರು ವರ್ಷದಲ್ಲಿ ಹಾಜರಿಯೇ ಆಗಿಬಿಟ್ಟಿತ್ತು. ತುಂಡು ತಿಂದವಳು ಆ ದಿನ ಕೆಲಸಕ್ಕೆ ಬಂದ ಹಾಗೆ. ತುಂಡುಗಳು ಹತ್ತು. ಚನ್ನವ್ವ ಮೊದಲಾಗಿ ಒಂಬತ್ತು ಹೆಂಗಸರಿಗೆ ಒಂಬತ್ತು, ಕಡೆಯದು ಹುಚ್ಚವ್ವನಿಗೆ.

ಆದರೆ ಗೋಡೆಯ ಮೊಳೆಗೆ ತೂಗುಬಿಟ್ಟ ಹಾಜರಿ ಪುಸ್ತಕದಲ್ಲಿ ಹೆಸರು ಒಂಬತ್ತೇ.

ಹುಚ್ಚವ್ವನನ್ನು ನಾಲತವಾಡಕ್ಕೆ ಕೊಟ್ಟಿದ್ದರು. ಗಂಡ ಐದನೇ ವರ್ಷಕ್ಕೆ ಇನ್ನೊಬ್ಬಳನ್ನು ತಂದ. ಅಲ್ಲಿಯ ರೇಷನ್ ಕಾರ್ಡಿನಲ್ಲಿ ಹೆಸರು ಹೊಡೆದು ಹಾಕಿದರು, ಇವಳು ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ಆಗ ಸೋಮನಿಂಗನಿಗೆ ಒಂಬತ್ತು ವರ್ಷ. ಅವರಿವರ ಮನೆಯಲ್ಲಿ ರೊಟ್ಟಿ ಬಡಿದು ಅವನಿಗೆ ಸಾಲಿ ಕಲಿಸಿದಳು. ಅವನು ದೊಡ್ಡವನಾದ ಮೇಲೆ ಎರಡು ಒಲೆ ಹೂಡಿ ಕೇಂದ್ರ ಶುರು ಮಾಡಿದ್ದೂ ಇವಳೇ. ಸೋಮನಿಂಗ ಬುಟ್ಟಿ ಕಟ್ಟಿಕೊಂಡು ಸಿಂದಗಿ, ಚಡಚಣ ತಿರುಗಿ ಗಿರಾಕಿ ಹಿಡಿದ. ಈಗ ಬೋರ್ಡಿನ ಮೇಲೆ ಇರುವುದು ಅವನ ಹೆಸರು. ಅದಕ್ಕೆ ಹುಚ್ಚವ್ವ ಎಂದೂ ಮುಖ ಸಣ್ಣ ಮಾಡಿದವಳಲ್ಲ. ಬೋರ್ಡು ಬರೆಯುವಾಗ ಏಣಿ ಹಿಡಿದುಕೊಂಡು ನಿಂತವಳೇ ಅವಳು.

ಸೋಮನಿಂಗ ಕೆಟ್ಟವನೇನೂ ಅಲ್ಲ. ಹಬ್ಬಕ್ಕೆ ಹೆಂಡತಿಗಿಂತ ಮೊದಲು ಅಕ್ಕನಿಗೆ ಸೀರೆ ತರುವ ಗಂಡಸು. ಆದರೆ ಗಿರಾಕಿಯ ಮುಂದೆ ಮೇಣದ ಹಾಗೆ ಕರಗುವ ಅವನ ನಾಲಿಗೆ ಮನೆಯೊಳಗೆ ಬಂದರೆ ತಕ್ಕಡಿ ಹಿಡಿದುಕೊಂಡೇ ಮಾತಾಡುತ್ತಿತ್ತು.

ಶಿವರಾತ್ರಿ ಕಳೆದ ವಾರ ಸೋಲಾಪುರದ ಗುತ್ತೇದಾರನೊಬ್ಬ ದೊಡ್ಡ ಆರ್ಡರು ಕೊಟ್ಟ. ದಿನಕ್ಕೆ ಐದುನೂರು ರೊಟ್ಟಿ ಹೆಚ್ಚಿಗೆ ಬೇಕು. ಹತ್ತೂವರೆಯ ಬಸ್ಸಿಗೆ ಮಾಲು ಏರಿದರೆ ನೂರಕ್ಕೆ ಇಷ್ಟು ಬಕ್ಷೀಸು, ಬಸ್ಸು ತಪ್ಪಿದರೆ ಅಷ್ಟೇ ಕಡಿತ. ಅವತ್ತು ಊಟಕ್ಕೆ ಝುಣಕ, ಪುಂಡಿಪಲ್ಯ. ಸೋಮನಿಂಗ ತುತ್ತು ಕೈಯಲ್ಲೇ ಹಿಡಿದು ಕೂತಿದ್ದ.

"ಇನ್ನೊಬ್ಬಾಕಿನ್ನ ತಗೋಳ್ರಿ. ಒಂಬತ್ತು ಮಂದಿ ಕೈಲೆ ಎಷ್ಟಂತ ಆಗತೈತಿ?" ಅಂದಳು ಹೆಂಡತಿ ಸುನೀತಾ.

"ತಗೊಂಡ್ರ ಹತ್ತು ಆಗತೈತಿ."

"ಆದ್ರ ಆಗವಲ್ದ್ಯಾಕ?"

"ನಿನಗ ತಿಳಿಯೂದಿಲ್ಲ. ಹತ್ತು ಮಂದಿ ಪಗಾರದವ್ರು ಆದ್ರ ಸರಕಾರದ ವಿಮಾ ಕಟ್ಟಬೇಕು. ಹತ್ತನೇದಾಕಿಗಿ ಅಷ್ಟ ಅಲ್ಲ, ಹತ್ತೂ ಮಂದಿಗಿ. ಮ್ಯಾಲ ಕಾಗದ, ಪತ್ರ, ಸಾಹೇಬ್ರ ತಿರುಗಾಟ. ಬ್ಯಾಳಿ ಗಿರಣಿ ಚಾಂದಸಾಬ ಹೇಳ್ಯಾನ, ಒಂಬತ್ತು ದಾಟಿದಿ ಅಂದ್ರ ಸತ್ತಿ ಅಂತ."

"ಅದರಾಗ ಕೆಲಸದವ್ರಿಗಿ ದವಾಖಾನಿ ಕಾರ್ಡು ಕೊಡ್ತಾರಂತಲ್ಲೋ?" ಎಂದು ಹುಚ್ಚವ್ವ ಒಲೆಯ ಕಡೆಯಿಂದ ಕೇಳಿದಳು. "ಚನ್ನವ್ವನ ಮಗಳಿಗಿ ಐತಂತ, ಜವಳಿ ಕಾರ್ಖಾನಿದು. ಹೆಸರು, ಫೋಟೋ ಎಲ್ಲಾ ಇರ್ತಾವಂತ."

"ಹೂಂ, ಕೊಡ್ತಾರ."

ಹುಚ್ಚವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿ, "ಹಂಗಾದ್ರ ನನ್ನ ಹೆಸರ ಬರಸಲ್ಲೋ ತಮ್ಮಾ ಹತ್ತನೇದು. ನಾ ಇದ್ದೇನಲ್ಲ" ಅಂದಳು.

ತನ್ನ ಐವತ್ತೆಂಟು ವರ್ಷದ ಬಾಳಿನಲ್ಲಿ ಅವಳು ತಮ್ಮನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಸೋಮನಿಂಗನಿಗೆ ಸಿಟ್ಟೇ ಬಂತು.

"ಏನ್ ಮಾತಂತ ಆಡ್ತಿ ಯಕ್ಕಾ? ನನ್ನ ಅಕ್ಕನ್ನ ಕೂಲಿಯಾಕಿ ಅಂತ ಬರಸ್ಲ್ಯಾ? ಮಂದಿ ನನ್ನ ಮಾರಿ ಮ್ಯಾಲ ಉಗುಳ್ತಾರ. ನೀ ಮನಿ ಯಜಮಾನಿ."

"ಅಕ್ಕಾರಿಗಿ ಏನು ಕಡಿಮಿ ಮಾಡೇವ್ರಿ ನಾವು?" ಎಂದು ಸುನೀತಾಳೂ ಮಾತು ಸೇರಿಸಿದಳು.

ಯಜಮಾನಿ ಎಂಬ ಮಾತು ಹುಚ್ಚವ್ವನಿಗೆ ಹಿತವಾಗಿಯೇ ಇತ್ತು. ಅವಳು ಮತ್ತೆ ಕೇಳಲಿಲ್ಲ. ಇನ್ನೊಂದು ರೊಟ್ಟಿ ತಂದು ತಮ್ಮನ ತಾಟಿಗೆ ಹಾಕಿದಳು. ಸೋಮನಿಂಗ ಹಿಟ್ಟು ನಾದುವ ಯಂತ್ರ ತರುವುದೆಂದು ಹೇಳಿ ಕೈ ತೊಳೆದ. ಯಂತ್ರ ತಂದರೆ ಸರಕಾರ ಸಬ್ಸಿಡಿ ಕೊಡುತ್ತದೆ, ಮನುಷ್ಯರನ್ನು ತಂದರೆ ದುಡ್ಡು ಕಟ್ಟಿಸಿಕೊಳ್ಳುತ್ತದೆ. ಸೋಮನಿಂಗನೇನು, ಯಾರಾದರೂ ಯಂತ್ರವನ್ನೇ ತರುತ್ತಿದ್ದರು.

ಈ ಮಾತೆಲ್ಲ ಕೇಳುತ್ತ ಕೂತಿದ್ದವಳು ಮಗಳು ಭುವನೇಶ್ವರಿ. ಬಿ.ಎ. ಕಡೆಯ ವರ್ಷ. ಸಣ್ಣ ಉದ್ದಿಮೆಗಳು ಎಷ್ಟು ಮಾಲು ಮಾಡಬೇಕು, ಎಷ್ಟು ಜನ ಇಟ್ಟುಕೊಳ್ಳಬೇಕು ಎಂದು ಹೇಗೆ ತೀರ್ಮಾನಿಸುತ್ತವೆ ಎಂಬುದರ ಮೇಲೆ ಅರ್ಥಶಾಸ್ತ್ರದ ಮಾಸ್ತರರು ಅವಳಿಗೊಂದು ಯೋಜನೆ ಕೊಟ್ಟಿದ್ದರು. ಅದಕ್ಕಾಗಿ ಆಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲೂಕು ಬಸ್ಸಿನಲ್ಲಿ ತಿರುಗಿ ಬೇಳೆ ಗಿರಣಿ, ಎಣ್ಣೆ ಗಾಣ, ಉಪ್ಪಿನಕಾಯಿ ಮನೆ, ರೊಟ್ಟಿ ಕೇಂದ್ರ ಎಲ್ಲ ಕಡೆ ಫಾರ್ಮು ತುಂಬಿಸಿಕೊಂಡು ಬಂದಿದ್ದಳು.

ಒಂದು ಭಾನುವಾರ ಅವಳು ಗ್ರಾಫ್ ಹಾಳೆ ಹರವಿಕೊಂಡು ಕೂತಾಗ ಹುಚ್ಚವ್ವ ಜೋಳ ಹಸನು ಮಾಡುತ್ತ ಪಕ್ಕದಲ್ಲಿದ್ದಳು.

"ಇದ್ಯಾಕವ್ವಾ ಇದೊಂದ ಇಷ್ಟ ಎತ್ತರ ನಿಂತೈತಿ?"

"ಅದು ಒಂಬತ್ತು ಮಂದಿ ಇರೂ ಉದ್ಯೋಗ ಅತ್ತಿ. ಎಂಟು ಮಂದಿ ಇರೂವು ಆರು, ಹತ್ತು ಮಂದಿ ಇರೂದು ಒಂದ. ಒಂಬತ್ತು ಮಂದಿ ಇರೂವು ಇಪ್ಪತ್ಮೂರು."

"ಎಲ್ಲಾರಿಗೂ ಒಂಬತ್ತ ಹೆಂಗ ಬೇಕಾದ್ರು?"

"ಹತ್ತು ಆದ್ರ ಕಾಯ್ದೆ ಬರ್ತೈತಲ್ಲ, ಅದಕ್ಕ ಎಲ್ಲಾರೂ ಅಲ್ಲೇ ನಿಂತುಬಿಡ್ತಾರ. ಬೆಳಿಯೂ ಶಕ್ತಿ ಇದ್ರೂ ಬೆಳಿಯೂದಿಲ್ಲ. ನಮ್ಮ ಸರ್ ಹೇಳೂದು ಇದ..."

"ನಮ್ಮ ಮನೀದು ಎಲ್ಲೈತಿ?"

ಭುವನೇಶ್ವರಿ ಆ ಎತ್ತರದ ಕಂಬದ ತುದಿಗೆ ಬೆರಳಿಟ್ಟಳು.

ಹುಚ್ಚವ್ವ ಹತ್ತಿರ ಬಾಗಿ ನೋಡಿದಳು. "ಒಂಬತ್ತರಾಗ ನಾ ಇದ್ದೇನೋ ಇಲ್ಲೋ?"

"ನೀ ಕೆಲಸದವ್ರಾಗ ಬರೂದಿಲ್ಲ ಅತ್ತಿ. ನೀ ಮನಿಯವ್ರಾಗ. ಅದಕ್ಕ ಬ್ಯಾರೆ ಸಾಲು ಐತಿ ನೋಡು, ಮನಿಯವರ ದುಡಿಮಿ ಖರ್ಚು."

"ಅಲ್ಲೇನ ಬರದಿ?"

"ಸೊನ್ನಿ. ನಿನಗ ಪಗಾರ ಕೊಡೂದಿಲ್ಲಲ್ಲ."

ಮೊರದಲ್ಲಿನ ಜೋಳದ ಹೊಟ್ಟು ಊದುತ್ತ ಹುಚ್ಚವ್ವ ನಕ್ಕಳು. ಹುಡುಗಿ ಶಾಣ್ಯಾ ಆಗಿದ್ದಾಳೆಂದು ಅವಳಿಗೆ ಖುಷಿಯೇ ಆಗಿತ್ತು. ಸೊನ್ನೆ ಎಂದರೆ ಏನೆಂದು ಅವಳಿಗೆ ತಿಳಿಯದ್ದೇನಲ್ಲ.

ಯಂತ್ರ ಬಂತು. ಅದಕ್ಕೊಂದು ಜಾಳಿಗೆಯ ಮುಚ್ಚಳ, ಮುಚ್ಚಳ ತೆಗೆದರೆ ಯಂತ್ರ ತಾನೇ ನಿಲ್ಲುತ್ತಿತ್ತು. ಜೋಳದ ಹಿಟ್ಟಿಗೆ ಕುದಿಯುವ ಎಸರು ಸ್ವಲ್ಪ ಸ್ವಲ್ಪವಾಗಿ ಸುರಿಯಬೇಕು, ನಡುನಡುವೆ ಕೈಯಿಂದ ಹದ ನೋಡಬೇಕು. ಪ್ರತಿ ಸಲ ಮುಚ್ಚಳ ತೆಗೆದು ಹಾಕುವಷ್ಟರಲ್ಲಿ ಎಸರು ಆರುತ್ತಿತ್ತು, ಬಸ್ಸಿನ ಹೊತ್ತು ಮೀರುತ್ತಿತ್ತು. ಎರಡು ದಿನ ಬಸ್ಸು ತಪ್ಪಿ ಕಡಿತವಾಯಿತು. ಮೂರನೇ ದಿನ ಸೋಮನಿಂಗ ಮೆಕ್ಯಾನಿಕನನ್ನು ಕರೆದು ತಂತಿ ಬಿಗಿಸಿ, ಮುಚ್ಚಳ ತೆಗೆದಿಟ್ಟರೂ ಯಂತ್ರ ತಿರುಗುವ ಹಾಗೆ ಮಾಡಿಸಿದ. ಮುಚ್ಚಳ ಮಾಳಿಗೆಗೆ ಹೋಯಿತು.

"ನೀ ಒಬ್ಬಾಕೇನ ಇದರ ಹತ್ರ ಇರು ಯಕ್ಕಾ. ಬ್ಯಾರೇದವ್ರಿಗಿ ಹದ ತಿಳಿಯೂದಿಲ್ಲ" ಅಂದ. ಅದೂ ನಿಜವೇ. ಆ ಕೈ ಮುಟ್ಟಿದ ಹಿಟ್ಟಿನ ರೊಟ್ಟಿ ಒಂದೂ ಬಿರಿಯುತ್ತಿರಲಿಲ್ಲ. ಗುತ್ತೇದಾರ ಖುಷಿಯಾದ, ಬಕ್ಷೀಸು ಬಂತು, ಸುನೀತಾ ಹೊಸ ಮಿಕ್ಸರು ತಂದಳು.

ಯುಗಾದಿಗೆ ಎಂಟು ದಿನವಿರುವಾಗ ಕಾರ್ಮಿಕ ಇಲಾಖೆಯ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಜೀಪು ಓಣಿಗೆ ತಿರುಗಿದ್ದನ್ನು ಕಂಡು ಸೋಮನಿಂಗ ಓಡಿ ಬಂದು ಕೈಸನ್ನೆ ಮಾಡಿದ. ಹುಚ್ಚವ್ವ ಯಂತ್ರ ಬಂದ್ ಮಾಡಿ, ಮೊಣಕೈವರೆಗೆ ಹತ್ತಿದ್ದ ಹಿಟ್ಟನ್ನು ಸೆರಗಿನಲ್ಲಿ ಒರೆಸಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂತಳು. ಹಾಗೆ ಕೂರು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಮ್ಮನ ಮುಖ ನೋಡಿಯೇ ತಿಳಿದುಕೊಂಡಳು.

ಸಾಹೇಬರು ಹಾಜರಿ ಪುಸ್ತಕ ನೋಡಿದರು, ತಲೆ ಎಣಿಸಿದರು. ಒಂಬತ್ತು. ಹೊರಡುವಾಗ ಮೆಟ್ಟಿಲ ಕಡೆ ತಿರುಗಿ, "ಇವರು?" ಎಂದರು.

"ನಮ್ಮ ಅಕ್ಕ ರೀ. ಕೆಲಸದಾಕಿ ಅಲ್ಲ. ವಯಸ್ಸಾಗೇತಿ, ಹೊತ್ತು ಹೋಗಬೇಕಲ್ರಿ, ಸುಮ್ಮ ಬಂದು ಕುಂತಿರ್ತಾಳ."

"ಆರಾಮ ಕೂತ್ಕೊಳ್ಳವ್ವ" ಎಂದು ಸಾಹೇಬರು ಸೌಜನ್ಯದಿಂದಲೇ ಹೇಳಿ, ಕೊಟ್ಟ ರೊಟ್ಟಿಯ ಪಾಕೀಟು ಬೇಡವೆಂದು, ಚಹಾ ಮಾತ್ರ ಕುಡಿದು ಹೋದರು.

ಜೀಪು ಹೋದ ಮೇಲೂ ಹುಚ್ಚವ್ವ ಮೆಟ್ಟಿಲ ಮೇಲೇ ಇದ್ದಳು. ಚನ್ನವ್ವ ಕೂಗಿದಳು, "ಯಕ್ಕಾ, ಎಸರು ಉಕ್ಕಾಕತ್ತೇತಿ ಬರ್ರಿ!"

"ಬಂದೆ" ಎಂದು ಎದ್ದಳು. ಎದ್ದವಳು ತಮ್ಮನ ಮುಂದೆ ನಿಂತು, "ಸುಮ್ಮ ಕುಂತಿರ್ತಾಳ ಅಂದ್ಯಲ್ಲೋ ಸೋಮ್ಯಾ" ಅಂದಳು.

"ಮತ್ತೇನ ಅನ್ನಬೇಕಿತ್ತು ಯಕ್ಕಾ? ಬಾಯಿಗಿ ಬಂದಿದ್ದ ಅಂದೆ."

"ಬಾಯಿಗಿ ಅದ ಬಂತಲ್ಲ" ಎಂದು ಯಂತ್ರದ ಗುಂಡಿ ಒತ್ತಿದಳು.

ಮರುದಿನದಿಂದ ಮೊದಲ ರೊಟ್ಟಿಯನ್ನು ಒಂಬತ್ತೇ ತುಂಡು ಮಾಡತೊಡಗಿದಳು. ತನಗೆ ಉಳಿಸಿಕೊಳ್ಳಲಿಲ್ಲ. ಚನ್ನವ್ವ ಮೂರು ದಿನ ನೋಡಿ ನಾಲ್ಕನೇ ದಿನ ಸುನೀತಾಳಿಗೆ ಹೇಳಿದಳು, ಸುನೀತಾ ಗಂಡನಿಗೆ ಹೇಳಿದಳು. ಅವನು, "ಹಲ್ಲು ನೂಯ್ತಿರಬೇಕು, ಕೇಳು" ಎಂದು ಬೈಕ್ ಹತ್ತಿದ.

ಯುಗಾದಿಯ ಹಿಂದಿನ ದಿನ ಆರ್ಡರು ದುಪ್ಪಟ್ಟು. ಬೆಳಗಿನ ಒಂಬತ್ತೂವರೆ ಆಗಿರಬೇಕು. ಸೋಮನಿಂಗ ಹೊರಗೆ ನಿಂತು "ಬಸ್ಸು, ಬಸ್ಸು" ಎಂದು ಒದರುತ್ತಿದ್ದ. ಹುಚ್ಚವ್ವ ಎಡಗೈಯಲ್ಲಿ ಎಸರು ಸುರಿಯುತ್ತ ಬಲಗೈ ಹಾಕಿ ಹದ ನೋಡಿದಳು. ನಲವತ್ತು ವರ್ಷ ಹಿಟ್ಟು ನಾದುವ ಪರಾತದಲ್ಲಿ ನೋಡಿದ ಹಾಗೆಯೇ ನೋಡಿದಳು. ಯಂತ್ರಕ್ಕೆ ಆ ಕೈಯ ಗುರುತು ಇರಲಿಲ್ಲ.

ಚೀರಿದ್ದು ಚನ್ನವ್ವ.

ಭುವನೇಶ್ವರಿ ಓಡಿ ಬಂದಾಗ ಹಿಟ್ಟು ಕೆಂಪಾಗಿತ್ತು. ಕೈಗೆ ಟವೆಲು ಸುತ್ತಿ ವಿಜಯಪುರದ ಒಂದು ದವಾಖಾನೆಗೆ ಒಯ್ದರು. ದಾರಿಯುದ್ದಕ್ಕೂ ಸೋಮನಿಂಗ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಣ್ಣ ಹುಡುಗನ ಹಾಗೆ ಅತ್ತ. ಅದು ಸುಳ್ಳು ಅಳುವಲ್ಲ.

ಡಾಕ್ಟರು ಕಾಗದ ತೆಗೆದು ಕೇಳಿದರು, "ಹೇಗಾಯ್ತು? ಕೆಲಸದ ಜಾಗದಲ್ಲೋ?"

ಸೋಮನಿಂಗ ಗೋಡೆ ನೋಡಿದ. ಭುವನೇಶ್ವರಿ ಬಾಯಿ ತೆರೆಯುವಷ್ಟರಲ್ಲಿ ಹುಚ್ಚವ್ವನೇ ಹೇಳಿದಳು, "ಮನ್ಯಾಗ ರೀ. ಬಾಗಲಾ ಸಂದ್ಯಾಗ ಸಿಕ್ಕಿತು."

"ಬಾಗಿಲಲ್ಲಿ ಹೀಗಾಗುತ್ತಾ ತಾಯಿ?"

"ದೊಡ್ಡ ಬಾಗಲಾ ರೀ ನಮ್ದು."

ಡಾಕ್ಟರು ಎಲ್ಲರ ಮುಖ ನೋಡಿ, ಬಾಗಿಲು ಎಂದೇ ಬರೆದರು. ಬಲಗೈಯ ಎರಡು ಬೆರಳು ತೆಗೆಯಬೇಕಾಯಿತು. ಉಳಿದವೂ ಮಡಚಲು ಬರುವುದಿಲ್ಲ ಎಂದರು.

ಆ ವರ್ಷ ಯುಗಾದಿಗೆ ಮನೆಯಲ್ಲಿ ಹೋಳಿಗೆ ಮಾಡಲಿಲ್ಲ. ವಾರದ ಮೇಲೆ ಹುಚ್ಚವ್ವ ಮನೆಗೆ ಬಂದಳು. ಎಡಗೈಯಿಂದ ಉಣ್ಣಲು ನಾಚಿಕೆಯಾಗಿ, ಎಲ್ಲರ ಊಟ ಮುಗಿದ ಮೇಲೆ ಒಳಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಕೂತು ಉಣ್ಣುತ್ತಿದ್ದಳು. ಸುನೀತಾ ಒಂದು ದಿನ ತಾಟು ಕಸಿದುಕೊಂಡು, "ಬಾಯಿ ತಗೀರಿ ಅಕ್ಕಾರ, ನಾ ತಿನಸ್ತೇನಿ" ಎಂದು ಕೂತಳು. ಒಂದು ತುತ್ತು ತಿಂದು ಹುಚ್ಚವ್ವ ಸಾಕೆಂದಳು. ಸುನೀತಾಳಿಗೆ ತಡೆಯಲಾಗಲಿಲ್ಲ, ಹಾಗೇ ಎದ್ದು ಬಂದು ಗಂಡನ ಮೇಲೆ ಹರಿಹಾಯ್ದಳು.

"ಅವರ ಬಾಯ್ಲೆ ಸುಳ್ಳ ಹೇಳಸಿದ್ರಿ ನೀವು!"

"ನಾ ಎಲ್ಲಿ ಹೇಳಸಿದೆ? ಆಕೀನ ಹೇಳಿದ್ಲು."

"ಆಕಿ ಹೇಳಿದ್ಲು, ನೀ ಸುಮ್ಮ ನಿಂತಿ ಅಪ್ಪಾ" ಎಂದಳು ಭುವನೇಶ್ವರಿ. "ಮುಚ್ಚಳ ತಗಸಿದ್ದೂ ನೀನ."

"ನೀ ಏನ್ ಮಾಡಿದಿ? ನಿನ್ನ ಹಾಳ್ಯಾಗ ಆಕಿ ಹೆಸರಿಗಿ ಸೊನ್ನಿ ಬರದಾಕಿ ನೀ ಅಲ್ಲೇನು?"

ಒಳಕೋಣೆಯಿಂದ ಹುಚ್ಚವ್ವನ ದನಿ ಬಂತು, "ಜಗಳಾಡಬ್ಯಾಡ್ರೆವ್ವಾ, ನನ್ನ ಕೈ ನಾನ ಹಾಕಿದ್ದು."

ಅಕ್ಕನ ಕೈ ಇಲ್ಲದೆ ಕೇಂದ್ರ ಎಂಟು ದಿನವೂ ನಡೆಯಲಿಲ್ಲ. ರೊಟ್ಟಿ ಬಿರಿದವು, ಗುತ್ತೇದಾರ ಎರಡು ಬುಟ್ಟಿ ವಾಪಸು ಕಳಿಸಿದ. ಹದ ಬಲ್ಲವಳೆಂದು ರೋಷನಬಿ ಎಂಬವಳನ್ನು ಸಿಂದಗಿಯ ಒಂದು ಖಾನಾವಳಿಯಿಂದ ಕರೆತರಬೇಕಾಯಿತು. ಪಗಾರ ಇಷ್ಟು, ಹೆಸರು ಪುಸ್ತಕದಲ್ಲಿ ಬರಲೇಬೇಕು, ಯಂತ್ರಕ್ಕೆ ಮುಚ್ಚಳ ಹಾಕಲೇಬೇಕು ಎಂದು ಅವಳು ಮೊದಲೇ ಕರಾರು ಮಾಡಿದಳು. ಬೇರೆಯವರ ಮನೆಯವಳು, ಆದ್ದರಿಂದ ಕೇಳುವ ಬಾಯಿ ಇತ್ತು.

ಹತ್ತು ಆಯಿತು. ಸೋಮನಿಂಗ ಎದೆ ಗಟ್ಟಿಮಾಡಿಕೊಂಡು ಕಾಗದಪತ್ರ ಮಾಡುವವನ ಹತ್ತಿರ ಹೋದ. ಅವನು ಎಲ್ಲರ ಪಗಾರ ಕೇಳಿ ಗುಣಿಸಿ ಹೇಳಿದ. ತಿಂಗಳಿಗೆ ಸೋಮನಿಂಗ ಕಟ್ಟಬೇಕಾದದ್ದು ಎರಡು ಗ್ಯಾಸ್ ಸಿಲಿಂಡರಿನಷ್ಟೂ ಆಗಲಿಲ್ಲ.

"ಇಷ್ಟ ಏನ್ರಿ?"

"ಇಷ್ಟ. ಎಷ್ಟಂತ ತಿಳ್ಕೊಂಡಿದ್ರಿ?"

ಎಷ್ಟೆಂದು ಅವನು ತಿಳಿದುಕೊಂಡೇ ಇರಲಿಲ್ಲ. ಚಾಂದಸಾಬನೂ ತಿಳಿದುಕೊಂಡಿರಲಿಲ್ಲ. ಅವನಿಗೆ ಯಾರೋ ಹೇಳಿದ್ದರು, ಆ ಯಾರಿಗೋ ಮತ್ಯಾರೋ. ನಾಲ್ಕು ತಾಲೂಕಿನಲ್ಲಿ ಒಂಬತ್ತಕ್ಕೇ ನಿಂತ ಇಪ್ಪತ್ತಮೂರು ಮಾಲಕರಲ್ಲಿ ಎಷ್ಟು ಜನ ಒಮ್ಮೆಯಾದರೂ ಕೂತು ಲೆಕ್ಕ ಹಾಕಿದ್ದರೋ ದೇವರೇ ಬಲ್ಲ.

ಸೋಮನಿಂಗ ನೇರವಾಗಿ ಮನೆಗೆ ಬಂದು ಅಕ್ಕನ ಮುಂದೆ ನೆಲದ ಮೇಲೆ ಕೂತ.

"ಯಕ್ಕಾ, ನಿನ್ನ ಹೆಸರೂ ಬರಸ್ತೇನಿ. ಹನ್ನೊಂದನೇದು. ಕಾರ್ಡು ಬರ್ತೈತಿ, ಫೋಟೋ ತಗಸೂಣು ನಡಿ."

"ಯಾವ ಕೆಲಸಕ್ಕಂತ ಬರಸ್ತಿ?"

ಹುಚ್ಚವ್ವ ಬಟ್ಟೆ ಸುತ್ತಿದ ಬಲಗೈ ಮುಂದೆ ಹಿಡಿದಳು.

"ಕೈ ಇಲ್ಲದಾಕಿನ್ನ ದುಡಿಯಾಕಿ ಅಂತ ಬರಸಿದ್ರ ಅದೂ ಸುಳ್ಳ ಆಗತೈತೋ ತಮ್ಮಾ. ಒಂದ ಸುಳ್ಳ ಸಾಕು ಈ ಮನಿಗಿ."

ಸೋಮವಾರ ರೋಷನಬಿಯ ಮೊದಲ ದಿನ. ಮೊದಲ ರೊಟ್ಟಿಯನ್ನು ಸುನೀತಾ ಬಡಿದಳು. ಹಳೆಯ ರೂಢಿಯಂತೆ ಹತ್ತು ತುಂಡು ಮಾಡಿ ಹಿಂಡಿ ಹಾಕಿ ತಾಟು ಒಯ್ದಳು. ಹತ್ತು ಕೈ ಚಾಚಿದವು, ಹತ್ತು ತುಂಡು ಹೋದವು. ಖಾಲಿ ತಾಟು ಹಿಡಿದು ತಿರುಗಿದಾಗ ಮೆಟ್ಟಿಲ ಮೇಲೆ ಹುಚ್ಚವ್ವ ಕೂತಿದ್ದಳು. ಸುನೀತಾ ಅಲ್ಲೇ ನಿಂತುಬಿಟ್ಟಳು.

ಚನ್ನವ್ವ ಎದ್ದು ಬಂದು ತನ್ನ ತುಂಡಿನಲ್ಲಿ ಅರ್ಧ ಮುರಿದು, "ತಗೋರಿ ಯಕ್ಕಾ" ಅಂದಳು.

"ಬ್ಯಾಡವ್ವಾ. ಅದು ದುಡಿಯವ್ರಿಗಿ. ನಾ ಸುಮ್ಮ ಬಂದು ಕುಂತಾಕಿ."

ಬುಟ್ಟಿ ಕಟ್ಟುತ್ತಿದ್ದ ಸೋಮನಿಂಗ ಹಗ್ಗ ಬಿಟ್ಟ. ಅಲ್ಲಿಯೇ ಕೂತು ಮುಖ ಮುಚ್ಚಿಕೊಂಡ. ಅಕ್ಕ ಅವನನ್ನು ಚುಚ್ಚಲೆಂದು ಹೇಳಿದ್ದಲ್ಲ. ಅವನು ಸಾಹೇಬರಿಗೆ ಹೇಳಿದ್ದು ಈಗ ನಿಜವಾಗಿತ್ತು, ಅಷ್ಟೇ. ಹುಚ್ಚವ್ವ ಎದ್ದು ಹೋಗಿ ಎಡಗೈಯಿಂದ ಅವನ ತಲೆ ಸವರಿದಳು. "ಏಳು, ಬಸ್ಸಿನ ಹೊತ್ತಾತು" ಅಂದಳು.

ಸಂಜೆ ಭುವನೇಶ್ವರಿ ಮನೆಯ ಫಾರ್ಮು ತೆಗೆದು, ಒಂಬತ್ತನ್ನು ಹೊಡೆದು ಹತ್ತು ಬರೆದಳು. ಸೊನ್ನೆ ಇದ್ದ ಸಾಲಿನ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಅಲ್ಲಿ ಏನು ಬರೆಯಬೇಕೆಂದು ಮಾಸ್ತರರು ಕಲಿಸಿರಲಿಲ್ಲ. ಕಡೆಗೆ ಹಾಳೆ ಹಿಡಿದು ಮೆಟ್ಟಿಲಿಗೆ ಬಂದಳು.

"ಅತ್ತಿ, ಹತ್ತು ಅಂತ ತಿದ್ದೇನಿ."

"ಛಲೋ ಆತು. ಯಾರ್ಯಾರು, ಓದು ನೋಡೂಣು."

ಭುವನೇಶ್ವರಿ ಗೋಡೆಯ ಹಾಜರಿ ಪುಸ್ತಕ ತಂದು ಒಂದೊಂದೇ ಹೆಸರು ಓದಿದಳು. ಮೊದಲು ಚನ್ನವ್ವ. ಪ್ರತಿ ಹೆಸರಿಗೂ ಹುಚ್ಚವ್ವ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದಳು. ಹತ್ತನೆಯದು ರೋಷನಬಿ. ಅದಕ್ಕೂ ಹೂಂ ಅಂದಳು. ತಾನೇ ಬೇಡವೆಂದವಳು, ಆದರೂ ಇನ್ನೂ ಸ್ವಲ್ಪ ಹೊತ್ತು ಹುಡುಗಿಯ ಬಾಯಿಯನ್ನೇ ನೋಡುತ್ತ ಕೂತಳು.

"ಮುಗೀತೇನವ್ವಾ?"

"ಮುಗೀತು ಅತ್ತಿ."